64 ಗಂಟೆ ಮಿಡಿದ ಯಂತ್ರ

1969ರ ಏಪ್ರಿಲ್ 4ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 47 ವರ್ಷದ ರೋಗಿಯೊಬ್ಬನ ಹೃದಯದ ಶಸ್ತ್ರಚಿಕಿತ್ಸೆ ಮುಗಿಯಿತು. ಹೃದಯ ಮಾತ್ರ ಮತ್ತೆ ಕೆಲಸಕ್ಕೆ ತೊಡಗಲಿಲ್ಲ. ಹೃದಯ-ಶ್ವಾಸಕೋಶ ಯಂತ್ರದಿಂದ ಬಿಡಿಸಿದರೆ ಸಾವು ಖಚಿತ. ಕಸಿ ಮಾಡೋಣವೆಂದರೆ ದಾನಿಯಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎಂಬಂತೆ ಶಸ್ತ್ರವೈದ್ಯ ಡೆಂಟನ್ ಕೂಲಿ, ಅರ್ಜೆಂಟೀನಾ ಮೂಲದ ಡೊಮಿಂಗೊ ಲಿಯೊಟ್ಟಾ ರೂಪಿಸಿದ್ದ ಕೃತಕ ಹೃದಯವನ್ನು ಅವನ ಎದೆಯೊಳಗೆ ಕೂರಿಸಿದರು. ಮನುಷ್ಯನ ಎದೆಗೂಡಿನಲ್ಲಿ ಹೃದಯದ ಬದಲು ಯಂತ್ರ ಮಿಡಿದದ್ದು ಅದೇ ಮೊದಲು.

ಅದು ಮಿಡಿದದ್ದು 64 ಗಂಟೆ. ರೋಗಿಯ ಪತ್ನಿ ದಾನಿಗಾಗಿ ಬಹಿರಂಗವಾಗಿ ಮೊರೆಯಿಟ್ಟರು. ಹೃದಯ ದೊರೆಯಿತು, ಕಸಿಯೂ ಆಯಿತು. ಆದರೆ ಸುಮಾರು 32 ಗಂಟೆಗಳಲ್ಲಿ ನ್ಯುಮೋನಿಯಾ ಅವನನ್ನು ಬಲಿ ತೆಗೆದುಕೊಂಡಿತು. ತಮ್ಮ ಪ್ರಯೋಗಾಲಯದ ಸಾಧನವನ್ನು ಒಪ್ಪಿಗೆಯಿಲ್ಲದೆ ಬಳಸಿದರೆಂದು ಮೈಕೆಲ್ ಡಿಬೇಕಿ ಸಿಡಿಮಿಡಿಗೊಂಡರು. ಆ ಇಬ್ಬರು ಮಹಾವೈದ್ಯರ ಮುನಿಸು ತಣ್ಣಗಾದದ್ದು 2007ರಲ್ಲಿ!

ಜಗಳಕ್ಕಿಂತ ದೊಡ್ಡದು ಅಲ್ಲಿ ಹುಟ್ಟಿದ ಆಲೋಚನೆ: ಯಂತ್ರ ಗುರಿಯಲ್ಲ, ದಾನಿ ಸಿಗುವವರೆಗಿನ ಸೇತುವೆ. ಸೇತುವೆಯೇನೋ ಸರಿ, ಅದರ ಮೇಲೆ ನಡೆಯುವುದೇ ಕಷ್ಟ. ಅನ್ಯವಸ್ತು ತಾಕಿದರೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ತಡೆಯಲು ಔಷಧ ಕೊಟ್ಟರೆ ರಕ್ತಸ್ರಾವದ ಭಯ. 1980ರ ದಶಕದ ಜಾರ್ವಿಕ್-7 ಕೃತಕ ಹೃದಯಕ್ಕೂ ಈ ಶಾಪ ತಪ್ಪಲಿಲ್ಲ.

ಇಡೀ ಹೃದಯ ಕೀಳುವ ಬದಲು ಎಡ ಹೃತ್ಕುಕ್ಷಿಗೆ ಮಾತ್ರ ಪಂಪಿನ ನೆರವು ಕೊಡುವ ದಾರಿ ಹೆಚ್ಚು ಫಲಿಸಿತು. 1984ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಥ ಪಂಪು ರೋಗಿಯನ್ನು ಕಸಿಯವರೆಗೆ ದಾಟಿಸಿತು. ಇಲ್ಲಿ ಕಾಟ ಕೊಟ್ಟದ್ದು ಬಲಭಾಗ. ಎಡಗಡೆಯ ಪಂಪು ತಳ್ಳಿದ ರಕ್ತವೆಲ್ಲ ದೇಹ ಸುತ್ತಿ ಬಲಗಡೆಗೇ ಮರಳಬೇಕಲ್ಲವೆ? ವರ್ಷಗಟ್ಟಲೆ ಶ್ವಾಸಕೋಶದ ಒತ್ತಡದ ವಿರುದ್ಧ ದುಡಿದು ಬಳಲಿದ ಬಲ ಹೃತ್ಕುಕ್ಷಿಗೆ ಆ ಹೊರೆ ತಡೆಯದು. ಅದು ಸೋತರೆ ರಕ್ತ ಶ್ವಾಸಕೋಶ ದಾಟುವುದಿಲ್ಲ; ಎಡದ ಪಂಪು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ನೀರಿಲ್ಲದ ಬಾವಿಯ ಪಂಪಿನಂತೆ. ಯಕೃತ್ತು, ಮೂತ್ರಪಿಂಡಗಳೂ ಕುಸಿಯುತ್ತವೆ. ಹೃದಯಕ್ಕೆ ಬಲ ಕೊಡುವ ಔಷಧ, ಶ್ವಾಸಕೋಶದ ರಕ್ತನಾಳ ಸಡಿಲಿಸಲು ಉಸಿರಿನೊಡನೆ ನೈಟ್ರಿಕ್ ಆಕ್ಸೈಡ್, ಪಂಪಿನ ವೇಗದ ಹೊಂದಾಣಿಕೆ, ಕೊನೆಗೆ ಬಲಗಡೆಗೂ ತಾತ್ಕಾಲಿಕ ಪಂಪು - ವೈದ್ಯರ ಬತ್ತಳಿಕೆಯಲ್ಲಿರುವುದು ಇವು.

ಲಯದ ತೊಂದರೆ ಇನ್ನೂ ವಿಚಿತ್ರ. ಹೃತ್ಕುಕ್ಷಿ ಕೇವಲ ಅದುರುತ್ತಿದ್ದರೆ ಸಾಮಾನ್ಯ ಮನುಷ್ಯ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಪಂಪು ಹೊತ್ತವನು ಕೆಲವೊಮ್ಮೆ ಅದೇ ಸ್ಥಿತಿಯಲ್ಲೂ ಎದ್ದು ಕುಳಿತು ಮಾತನಾಡುತ್ತಿರುತ್ತಾನೆ. ಆದರೂ ಬಲಭಾಗ ಕೈಕೊಡುವ ಮುನ್ನ ಲಯ ಸರಿಪಡಿಸಲೇಬೇಕು.