ಲಂಟಾನ ತಿನ್ನಲು ಕರೆಸಿದ ಹುಳುಗಳು

ಟೊಮೆಟೊ ಎಲೆ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳುವನ್ನು ಬೈಯದ ರೈತರಿಲ್ಲ. ಆದರೆ ಅದೇ ಥರ ಎಲೆ ಕೊರೆಯುವ ಹುಳುಗಳನ್ನು ಹೊರದೇಶದಿಂದ ತರಿಸಿ, ಬೇಕೆಂದೇ ನಮ್ಮ ನೆಲಕ್ಕೆ ಬಿಟ್ಟಿದ್ದರು ಅಂದರೆ ನಂಬುತ್ತೀರಾ? ಅವುಗಳಿಗೆ ವಹಿಸಿದ್ದ ಕೆಲಸ ಒಂದೇ: ಲಂಟಾನ ತಿನ್ನುವುದು.

ಲಂಟಾನ ಅಮೆರಿಕ ಖಂಡದ ಗಿಡ. ಹೂವಿನ ಚೆಂದಕ್ಕೆಂದು 1809ರ ಹೊತ್ತಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಹಣ್ಣು ತಿಂದ ಹಕ್ಕಿಗಳು ಬೀಜ ಹರಡಿದವು. ಬದು, ಗೋಮಾಳ, ಕಾಡಂಚು ಎಲ್ಲ ಅದರದ್ದೇ ಆಯಿತು. ಅದು ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ. ಹಸಿವಿಗೆ ಅದರ ಸೊಪ್ಪು ತಿಂದ ದನ ಕಾಯಿಲೆ ಬೀಳುತ್ತದೆ.

ಹವಾಯಿ ದ್ವೀಪಗಳದ್ದೂ ಇದೇ ಪಾಡು. 1902ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಮೆಕ್ಸಿಕೊದಲ್ಲಿ ಲಂಟಾನ ತಿನ್ನುವ ಹುಳುಗಳನ್ನು ಹುಡುಕಿ ಅಲ್ಲಿಗೆ ಕಳಿಸಿದರು. ನಮ್ಮಲ್ಲಿ ವೈ. ರಾಮಚಂದ್ರ ರಾವ್ 1916ರಿಂದ 1919ರವರೆಗೆ ಭಾರತ, ಬರ್ಮಾಗಳಲ್ಲಿ ಹುಡುಕಿದರು. ಗಿಡವನ್ನು ಮಣಿಸುವ ಹುಳು ಸಿಗಲಿಲ್ಲ. 1921ರಲ್ಲಿ ಹವಾಯಿಯಿಂದ ಬೆಂಗಳೂರಿಗೆ ಒಂದು ಪುಟ್ಟ ನೊಣ ತರಿಸಿದರು. ಅದರ ಮರಿ ಬೆಳೆಯುವುದು ಲಂಟಾನ ಕಾಯಿಯೊಳಗೆ. ನೊಣ ಇಲ್ಲಿ ನೆಲೆಯೂರಿತು, ಆದರೆ ಲಂಟಾನ ಹಬ್ಬುವುದು ನಿಲ್ಲಲಿಲ್ಲ.

1941ರಲ್ಲಿ ಆಸ್ಟ್ರೇಲಿಯಾದಿಂದ ಡೆಹ್ರಾಡೂನಿಗೆ ರಸ ಹೀರುವ ತಿಗಣೆಯೊಂದು ಬಂತು. ಪರೀಕ್ಷೆ ಮಾಡುವಾಗ ಅದು ತೇಗದ ಹೂವಿಗೂ ಬಾಯಿ ಹಾಕಿತು! ಗಾಬರಿಯಾಗಿ ಸಾಕಿದ್ದ ತಿಗಣೆಗಳನ್ನೆಲ್ಲ ನಾಶ ಮಾಡಿದರು. ಆದರೂ ಮುಂದೆ ಅದು ಹೊರಗೆ ಕಾಣಿಸಿಕೊಂಡಿತು.

ಎಲೆ ಕೊರೆಯುವ ಹುಳುಗಳ ಸರದಿ ಬಂದದ್ದು 1970ರ ದಶಕದ ಆರಂಭದಲ್ಲಿ. ಆಕ್ಟೊಟೋಮ, ಯೂರೊಪ್ಲಾಟ ಎಂಬ ಎರಡು ಚಿಕ್ಕ ಜೀರುಂಡೆಗಳು. ತಾಯಿ ಎಲೆಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಎಲೆಯ ಎರಡು ಪೊರೆಗಳ ನಡುವೆ ಸೇರಿ ಹಸಿರನ್ನು ತಿನ್ನುತ್ತದೆ. ತಿಂದ ಜಾಗ ಒಣಗಿ ಕಂದು ಮಚ್ಚೆಯಾಗುತ್ತದೆ. ಅಲ್ಲೇ ಕೋಶ ಕಟ್ಟಿ, ರೆಕ್ಕೆ ಬಂದ ಮೇಲೆ ಹೊರಗೆ ಬರುತ್ತದೆ.

ಹಾಗಾದರೆ ಲಂಟಾನ ಯಾಕೆ ಸಾಯಲಿಲ್ಲ? ಬೇಸಿಗೆಯಲ್ಲಿ ಗಿಡ ಎಲೆ ಉದುರಿಸಿಬಿಡುತ್ತದೆ, ಹುಳುಗಳಿಗೆ ಊಟವಿಲ್ಲ. ಮಳೆ ಬಿದ್ದ ಕೂಡಲೇ ಗಿಡ ಚಿಗುರುತ್ತದೆ, ಹುಳುಗಳ ಸಂಖ್ಯೆ ಏರಲು ತಿಂಗಳುಗಳೇ ಬೇಕು. ಎಲೆ ಹೋದರೂ ಬೇರು ಗಟ್ಟಿಯಾಗಿಯೇ ಇರುತ್ತದೆ.

ಇವತ್ತಿಗೂ ಉಳಿದಿರುವ ದಾರಿ ಕೈ ಕೆಲಸವೇ: ಕಾಯಿ ಕಟ್ಟುವ ಮೊದಲೇ ಬೇರುಸಮೇತ ಕೀಳುವುದು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ನಾಲ್ಕು ಕಾಸು ನೋಡುತ್ತಿದ್ದಾರೆ. ಹೂವಿನ ಆಸೆಗೆ ತಂದ ಒಂದು ಗಿಡದ ಲೆಕ್ಕ ಇನ್ನೂರು ವರ್ಷವಾದರೂ ಚುಕ್ತಾ ಆಗಿಲ್ಲ. ನರ್ಸರಿಯಿಂದ ಹೊಸ ಗಿಡ ತರುವಾಗ ಇದೊಂದು ನೆನಪಿರಲಿ.