ಅಮಿನಿದ್ವೀಪಗಳು: ನಾನು ಹೇಳದೆ ಬಿಟ್ಟ ಪಾಠ



ದೀಪಾವಳಿಗೆಂದು ಕೆಂಕೆರೆಗೆ ಬಂದಿದ್ದ ಮಗಳ ಮಗ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ತನ್ನ ಪ್ರವಾಸದ ಯೋಜನೆಯನ್ನು ನನ್ನ ಮುಂದಿಟ್ಟ. ಲಕ್ಷದ್ವೀಪದ ಕಡಮತ್‌ನಲ್ಲಿ ಸ್ಕೂಬಾ ಡೈವಿಂಗ್, ಹಾಗೆಯೇ ಅಲೆಗಳ ಮೇಲೆ ಹಲಗೆಯೇರಿ ಸಾಗುವ ಸರ್ಫಿಂಗ್; ಎರಡೂ ಒಂದೇ ಪ್ರಯಾಣದಲ್ಲಿ ಮುಗಿಯಬೇಕೆಂಬುದು ಅವನ ಆಸೆ. ಫೋನಿನಲ್ಲಿ ದ್ವೀಪದ ಚಿತ್ರ ತೋರಿಸಿದ. ನೀಲಿ ನೀರು, ಬಿಳಿ ಮರಳು, ಉಳಿದಂತೆ ತೆಂಗಿನ ಮರಗಳು. ಇಣುಕಿ ನೋಡಿದ ನನ್ನ ಮನೆಯಾಕೆ, "ಮನೆ ಹಿಂದೆ ತೋಟ ಇಟ್ಕೊಂಡು, ತೆಂಗಿನಮರ ನೋಡಕ್ಕೆ ಹಡಗು ಹತ್ತಬೇಕೇನಪ್ಪಾ?" ಎಂದಳು.

ಎಲ್ಲರೂ ನಕ್ಕೆವು. ನನಗೆ ಮಾತ್ರ ಕಡಮತ್ ಎಂಬ ಹೆಸರು ಮನಸ್ಸಿನಲ್ಲಿ ಕೊರೆಯತೊಡಗಿತು. ಏಕೆಂದರೆ ಅದರ ವಿಷಯದಲ್ಲಿ ನಾನು ನಿಮಗೆಲ್ಲ ಒಂದು ಪಾಠ ಬಾಕಿ ಉಳಿಸಿಕೊಂಡಿದ್ದೇನೆ.

ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ಪ್ರತಿ ವರ್ಷವೂ ನವೆಂಬರ್ ಹತ್ತಿರ ಬಂದಾಗ ಕರಿಹಲಗೆಯ ಮೇಲೆ ನಕ್ಷೆ ಬರೆದು, 1956ರ ನವೆಂಬರ್ 1ರಂದು ಯಾವ ಯಾವ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವೆಂದು ವಿವರಿಸುತ್ತಿದ್ದೆ. ಮದರಾಸು ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆ ನಮಗೆ ಬಂತು, ಅದರ ಕಾಸರಗೋಡು ಕೇರಳಕ್ಕೆ ಹೋಯಿತು ಎಂದು ಹೇಳಿ ಸೀಮೆಸುಣ್ಣ ಕೆಳಗಿಡುತ್ತಿದ್ದೆ. ಅದೇ ದಿನ ಅದೇ ಜಿಲ್ಲೆಯಿಂದ ಐದು ದ್ವೀಪಗಳೂ ಬೇರೆಯಾದವೆಂಬುದನ್ನು ಒಂದು ಸಲವೂ ಹೇಳಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಈ ಅಮಿನಿದ್ವೀಪಗಳ ಆಡಳಿತ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಡೆದದ್ದು ಮಂಗಳೂರಿನಿಂದ. ದಕ್ಷಿಣದ ದ್ವೀಪಗಳು ಮಲಬಾರಿನ ಲೆಕ್ಕಕ್ಕೆ ಸೇರಿದ್ದವು. 1956ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಕೇಂದ್ರಾಡಳಿತ ಪ್ರದೇಶವನ್ನಾಗಿ ಮಾಡಿದರು. ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ.

ದ್ವೀಪಗಳು ಮಂಗಳೂರಿನ ಪಾಲಿಗೆ ಬಂದ ಬಗೆಯೂ ಕೇಳುವಂಥದ್ದೇ. ಅವು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ವಶದಲ್ಲಿದ್ದವು. ದ್ವೀಪದವರು ಹೊಸೆದ ತೆಂಗಿನ ನಾರಿನ ಹಗ್ಗವನ್ನು ಆ ಮನೆತನವೇ ಕೊಳ್ಳಬೇಕು, ಅದೇ ಬೆಲೆ ಕಟ್ಟಬೇಕು. ಈ ಕಾಟ ತಾಳಲಾರದೆ 1780ರ ದಶಕದಲ್ಲಿ ಅಮಿನಿಯ ಕೆಲವರು ಕಡಲು ದಾಟಿ ಮಂಗಳೂರಿಗೆ ಬಂದು, ತಮ್ಮನ್ನು ಕೈಗೆ ತೆಗೆದುಕೊಳ್ಳಬೇಕೆಂದು ಟಿಪ್ಪು ಸುಲ್ತಾನನನ್ನು ಬೇಡಿಕೊಂಡರು. ಮಾತುಕತೆಯಾಗಿ ಐದು ದ್ವೀಪಗಳು ಶ್ರೀರಂಗಪಟ್ಟಣದ ಆಡಳಿತಕ್ಕೆ ಸೇರಿದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವು ಕಂಪನಿ ಸರ್ಕಾರದ ಕೈ ಸೇರಿದವು.

ದೊರೆ ಬದಲಾದರೂ ಹಗ್ಗದ ಕಟ್ಟಳೆ ಬದಲಾಗಲಿಲ್ಲ. ಮಂಗಳೂರಿನಲ್ಲಿಯೂ ಹಗ್ಗವನ್ನು ಕೊಳ್ಳುತ್ತಿದ್ದುದು ಸರ್ಕಾರವೇ, ಬೆಲೆಯೂ ಅದರದೇ. ಪ್ರತಿಯಾಗಿ ದೊರೆಯುತ್ತಿದ್ದುದರಲ್ಲಿ ಅಕ್ಕಿಯೂ ಸೇರಿತ್ತು. ಭತ್ತ ಬೆಳೆಯದ ಆ ಮರಳು ನೆಲದವರಿಗೆ ಅಕ್ಕಿಯಿಲ್ಲದೆ ಬದುಕಿಲ್ಲ. ಮಟ್ಟೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಕೈಯಲ್ಲಿ ಹೊಸೆಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಗಂಡಸರು 'ಓಡಂ' ಎಂಬ ಹಾಯಿದೋಣಿಗಳಲ್ಲಿ ಅದನ್ನು ಹೇರಿಕೊಂಡು ಬರುತ್ತಿದ್ದರು. ಮುಂದಿನ ಮುಂಗಾರಿನೊಳಗೆ ಅಕ್ಕಿಯೊಂದಿಗೆ ಮನೆ ಸೇರಬೇಕಿತ್ತು.

ಇದನ್ನು ಓದುವಾಗ ನನಗೆ ನಮ್ಮ ತಂದೆಯವರ ನೆನಪಾಗದೆ ಇರದು. ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯ್ದ ಉಂಡೆ ಕೊಬ್ಬರಿಯನ್ನು ಚೀಲ ತುಂಬಿ ತಿಪಟೂರಿಗೆ ಒಯ್ದು, ಮಂಡಿಯ ಕಟ್ಟೆಯ ಮೇಲೆ ಕುಳಿತು, ಅಂದಿನ ಧಾರಣೆ ಎಷ್ಟೆಂದು ಬೇರೆಯವರ ಬಾಯಿಂದ ಕೇಳುವವರೆಗೆ ಅವರು ಒಂದು ಲೋಟ ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಆದರೂ ನಮ್ಮವರಿಗೆ ಒಬ್ಬನಲ್ಲದಿದ್ದರೆ ಇನ್ನೊಬ್ಬ ವರ್ತಕನಿದ್ದ. ಅಮಿನಿಯವರಿಗೆ ಅದೂ ಇರಲಿಲ್ಲ. ಇಲಿಯ ಕಾಟದಲ್ಲಿ ಮಾತ್ರ ಇಬ್ಬರೂ ಸಮಾನರು! ಅಲ್ಲಿ ಇಲಿಗಳು ಮರದ ಮೇಲೆಯೇ ಎಳೆಗಾಯಿಗಳನ್ನು ಕೊರೆದು ಹಾಳುಮಾಡುತ್ತಿದ್ದುದರಿಂದ ಗಂಡಸರೆಲ್ಲ ಒಟ್ಟಾಗಿ ಇಲಿಬೇಟೆಯಾಡುವುದು ಊರಿನ ಕಟ್ಟಳೆಯಾಗಿತ್ತು.

ಮೊಮ್ಮಗ ಇಷ್ಟನ್ನೂ ತಾಳ್ಮೆಯಿಂದ ಕೇಳಿ, "ತಾತ, ಹಾಗಾದ್ರೆ ನನ್ನ ಪ್ಲಾನು ಸರಿಯಾಗಿದೆಯೋ ಇಲ್ವೋ?" ಎಂದ. ನ್ಯಾಯವಾದ ಪ್ರಶ್ನೆ. ಇಬ್ಬರೂ ಕುಳಿತು ಮತ್ತೆ ನೋಡಿದೆವು.

ಓಡಂನವರಿಗೆ ಇದ್ದ ಲೆಕ್ಕವೇ ಇವನಿಗೂ ಇದೆ. ಮುಳುಗುವವನಿಗೆ ತಿಳಿಯಾದ, ಶಾಂತವಾದ ಕಡಲು ಬೇಕು; ಹಲಗೆಯವನಿಗೆ ಅಲೆ ಬೇಕು. ಅರಬ್ಬೀ ಸಮುದ್ರ ಅಕ್ಟೋಬರಿನಿಂದ ಮೇ ಮಧ್ಯದವರೆಗೆ ಶಾಂತ, ಮುಂಗಾರಿನಲ್ಲಿ ಉಗ್ರ. ಕಡಮತ್ ಮೂರು ಚದರ ಕಿಲೋಮೀಟರಿಗೆ ತುಸು ಹೆಚ್ಚಿರುವ, ಉದ್ದಕ್ಕೆ ಚಾಚಿದ ಹವಳದ ದ್ವೀಪ. ಅದರ ಪಶ್ಚಿಮಕ್ಕೆ ಹವಳದ ದಿಬ್ಬ ಬೇಲಿಯಂತೆ ಸುತ್ತುವರಿದ ಆಳವಿಲ್ಲದ ಕೊಳವಿದೆ. ಅಲೆಗಳು ಆ ಬೇಲಿಗೆ ಬಡಿದು ಹೊರಗೇ ಒಡೆಯುವುದರಿಂದ ಒಳಗೆ ಸರ್ಫಿಂಗ್‌ಗೆ ಅಲೆಯಿಲ್ಲ; ಹೊರಗೆ ಹೋದರೆ ಕೆಳಗೆ ಚೂಪಾದ ಹವಳ. ಕಲಿಯುವವನಿಗೆ ಅದು ತಕ್ಕ ಜಾಗವಲ್ಲ. ಆ ಹವಳವಾದರೂ 1998, 2010 ಮತ್ತು 2016ರಲ್ಲಿ ನೀರು ಕಾದು ಬಿಳಿಚಿಕೊಂಡು ಬಹುಭಾಗ ಸತ್ತಿತೆಂಬುದನ್ನು ಮರೆಯುವಂತಿಲ್ಲ. ಮುಟ್ಟದೆ, ತುಳಿಯದೆ ನೋಡಿ ಬಾ ಎಂದಿದ್ದೇನೆ.

ಆದ್ದರಿಂದ ಸರ್ಫಿಂಗನ್ನು ಮೂಲ್ಕಿಗೆ ವರ್ಗಾಯಿಸಿದೆವು. ಅಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಈ ವಿದ್ಯೆಯನ್ನು ಕಲಿಸುತ್ತ ಬಂದಿದೆ. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಜನವರಿಯ ಸಣ್ಣ ಅಲೆಗಳು ಹೊಸಬನಿಗೆ ಸಾಕು.

ಮೊದಲು ದ್ವೀಪ, ಆಮೇಲೆ ಮೂಲ್ಕಿ. ಲಕ್ಷದ್ವೀಪದಲ್ಲಿ ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಡೈವಿಂಗ್ ಮುಗಿಸಿದವರು ಒಂದು ದಿನವಾದರೂ ಕಳೆಯದೆ ವಿಮಾನ ಹತ್ತಬಾರದು. ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಪ್ರಾಣಕ್ಕೆ ಎರವಾಗಬಹುದು. ಕೊಚ್ಚಿಯ ಹಡಗಿನಲ್ಲಿ ಮರಳಿದರೆ ಆ ಭಯವಿಲ್ಲ. ಕೊಚ್ಚಿಯಿಂದ ರೈಲಿನಲ್ಲಿ ಮಂಗಳೂರು, ಅಲ್ಲಿಂದ ಮೂಲ್ಕಿ. ದ್ವೀಪಪ್ರವೇಶಕ್ಕೆ ಪರವಾನಗಿ ಬೇಕು, ಅರ್ಜಿ ಹಾಕಿದ್ದಾನೆ.

ಕೈಯಲ್ಲಿ ಹೊಸೆದ ಹಗ್ಗ ಸಿಕ್ಕಿದರೆ ಒಂದು ಮಾರು ತರಬೇಕೆಂದು ನಾನು ಹೇಳಿದ್ದೇನೆ. ಅವನ ಅಜ್ಜಿಯಂತೂ ಅಟ್ಟದಿಂದ ಹತ್ತು ಉಂಡೆ ಕೊಬ್ಬರಿ ಆರಿಸಿ ಕಟ್ಟಿಟ್ಟಿದ್ದಾಳೆ. ದ್ವೀಪದವರು ಕಾಯಿ ಒಡೆದು ಬಿಸಿಲಿಗೆ ಒಣಗಿಸುವವರೆಂದು ನಾನು ಹೇಳಿದ್ದೇ ತಡ, "ಹಂಗಾದ್ರೆ ನಮ್ಮದನ್ನೂ ನೋಡ್ಲಿ ಬಿಡಿ" ಎಂದಳು.