ಸೆರೆಮನೆಯಿಂದ ಮರಳುವ ಸಹೋದರನೂ ನಮ್ಮ ಧರ್ಮಸಭೆಯೂ

ಮಲಪ್ರಭೆಯ ತೀರದ ಈ ನಾಡಿಗೆ ಸೆರೆಮನೆಯೆಂಬುದು ಅಪರಿಚಿತವಾದ ಮಾತಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮನವರು 1824ರಲ್ಲಿ ಸೆರೆಸಿಕ್ಕಿ, ಬೈಲಹೊಂಗಲದ ಕೋಟೆಯಲ್ಲಿ ಬಂದಿಯಾಗಿದ್ದು, 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ದೇಹಬಿಟ್ಟರು. ಕಿತ್ತೂರಿಗೆ ಮರಳುವ ಭಾಗ್ಯ ಅವರಿಗೆ ದೊರೆಯಲಿಲ್ಲ. 1939ರ ಏಪ್ರಿಲಿನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜಾಚಳವಳಿಯು ಸೆರೆಮನೆಯ ಬಾಗಿಲಲ್ಲೇ ರಕ್ತಪಾತಕ್ಕೆ ತಿರುಗಿತು. ಅದೇ ವರ್ಷ ನೆರೆಯ ಮರಾಠಿ ನಾಡಿನ ಔಂಧ ಸಂಸ್ಥಾನವು ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯನ್ನು ತೆರೆದು, ಕೈದಿಗಳನ್ನು ನಂಬಿ ಅವರ ಕೈಗೆ ಹೊಲವನ್ನು ಕೊಟ್ಟಿತು. ಭಯದ ದಾರಿ, ನಂಬಿಕೆಯ ದಾರಿ ಎರಡನ್ನೂ ಈ ಸೀಮೆ ಒಂದೇ ವರ್ಷದಲ್ಲಿ ಕಂಡಿತು.

ಚೆನ್ನಮ್ಮನವರದು ನಾಡಿಗಾಗಿ ಅನುಭವಿಸಿದ ಸೆರೆ. ಅದಕ್ಕೆ ಜನರು ಹೂಮಾಲೆ ಅರ್ಪಿಸುತ್ತಾರೆ. ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿ ಬಂದವನ ಸ್ಥಿತಿ ಬೇರೆ. 1923ರಲ್ಲಿ ಸ್ಥಾಪಿತವಾದ ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹದಿಂದ ಸವದತ್ತಿಗೋ ರಾಮದುರ್ಗಕ್ಕೋ ಬಸ್ಸಿನ ಪ್ರಯಾಣ ಕೆಲವು ತಾಸುಗಳದು. ಊರ ಅಗಸೆಯಿಂದ ಮನೆಯ ಹೊಸ್ತಿಲವರೆಗಿನ ಹಾದಿಯಾದರೋ ವರ್ಷಗಳನ್ನೇ ಬೇಡುತ್ತದೆ. ಕಾಯಿದೆ ವಿಧಿಸಿದ ಶಿಕ್ಷೆಗೆ ಅವಧಿಯುಂಟು; ನೆರೆಹೊರೆಯ ನಾಲಗೆ ವಿಧಿಸಿದ ಶಿಕ್ಷೆಗೆ ಅವಧಿಯಿಲ್ಲ. ಹೊಲ ಲಾವಣಿಗೆ ಹೋಗಿರುತ್ತದೆ, ತಂಗಿಯ ಲಗ್ನ ಮುರಿದಿರುತ್ತದೆ, ಕೂಲಿಗೆ ಕರೆಯುವವರಿರುವುದಿಲ್ಲ.

ಜಾರಿದವನನ್ನು ಮರಳಿ ಸೇರಿಸಿಕೊಳ್ಳುವ ಪರಂಪರೆ ಈ ನೆಲಕ್ಕೆ ಹೊಸದಲ್ಲ. 12ನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆಯು ಮೊದಲು ಕನ್ನಗಳ್ಳನಾಗಿದ್ದನೆಂದು ಪ್ರತೀತಿ. ಉರಿಲಿಂಗಪೆದ್ದಿಯೂ ಕಳವಿನಿಂದ ಶರಣಮಾರ್ಗಕ್ಕೆ ತಿರುಗಿದವನೆಂದು ಹೇಳುತ್ತಾರೆ. ಶರಣ ಸಮೂಹವು ‘ಕನ್ನದ’ ಎಂಬ ಹಳೆಯ ಹೆಸರನ್ನು ಅಳಿಸಲಿಲ್ಲ. ಆದರೂ ಅವನ ವಚನಗಳನ್ನು ಆದರದಿಂದ ಉಳಿಸಿಕೊಂಡಿತು. ಬೈಲಹೊಂಗಲ ಸೀಮೆಯ ದೇಶನೂರಿನ ವಿರಕ್ತ ಮಠದಲ್ಲಿ ಕಾವಿಯುಟ್ಟು ಶುಭಸಂದೇಶವನ್ನು ಬಾಳಿದ ಜೆಸುಯಿಟ್ ಗುರುಗಳು ಈ ಎರಡು ಪರಂಪರೆಗಳು ಎಷ್ಟು ಹತ್ತಿರದವೆಂಬುದನ್ನು ತೋರಿಸಿಕೊಟ್ಟರು.

ಧರ್ಮಸಭೆಗೆ ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರವೇ ಈ ಸೇವೆಯ ಮೂಲಪಾಠ. ತಾವೇ ಸೆರೆಯಲ್ಲಿದ್ದ ಪೌಲರು ಒನೇಸಿಮನೆಂಬ ದಾಸನನ್ನು ಒಡೆಯನ ಬಳಿಗೆ ಬರಿಗೈಯಲ್ಲಿ ಕಳುಹಿಸಲಿಲ್ಲ. ಅವನನ್ನು ಸಹೋದರನಂತೆ ಸ್ವೀಕರಿಸಬೇಕೆಂದು ಕೋರಿ, ಅವನಿಂದ ನಷ್ಟವಾಗಿದ್ದರೆ ಅದನ್ನು ತಮ್ಮ ಲೆಕ್ಕಕ್ಕೆ ಹಚ್ಚಲು ತಿಳಿಸಿದರು. ಸಂತ ವಿನ್ಸೆಂಟ್ ದೆ ಪೌಲರು 1619ರಲ್ಲಿ ಫ್ರಾನ್ಸಿನ ಹಡಗುಗಳಲ್ಲಿ ಹುಟ್ಟುಹಾಕುತ್ತಿದ್ದ ಕೈದಿಗಳ ಗುರುಗಳಾದರು. ಅವರ ಹೆಸರಿನಲ್ಲಿ 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಭೆಯ ಸದಸ್ಯರು ಇಂದಿಗೂ ಜೊತೆಗೂಡಿ ಬಡವರ ಮನೆಗಳಿಗೆ ಹೋಗುತ್ತಾರೆ.

ನಮ್ಮ ಬೆಳಗಾವಿ ಧರ್ಮಪ್ರಾಂತ್ಯವು 1953ರಲ್ಲಿ ಸ್ಥಾಪನೆಯಾಯಿತು. 1981ರಲ್ಲಿ ಕೇರಳದಲ್ಲಿ ವರ್ಗೀಸ್ ಕರಿಪ್ಪೇರಿ ಮತ್ತು ಫ್ರಾನ್ಸಿಸ್ ಕೊಡಿಯನ್ ಎಂಬ ಇಬ್ಬರು ಗುರುವಿದ್ಯಾರ್ಥಿಗಳು ಆರಂಭಿಸಿದ ಸಣ್ಣ ಪ್ರಾರ್ಥನಾಕೂಟವು ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಸಂಸ್ಥೆಯಾಗಿ ಬೆಳೆಯಿತು. ಬಿಡುಗಡೆಯಾದವರಿಗಾಗಿ ಅದರ ಮೊದಲ ಆಶ್ರಯಧಾಮ 1991ರಲ್ಲಿ ತೃಶ್ಶೂರಿನ ವೆಟ್ಟುಕಾಡಿನಲ್ಲಿ ತೆರೆಯಿತು. ಆಶ್ವಿತ್ಸ್‌ನಲ್ಲಿ 1941ರಲ್ಲಿ ಪರರಿಗಾಗಿ ಪ್ರಾಣವಿತ್ತ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ಅದರ ಪಾಲಕ ಸಂತರು. ಸರಕಾರವು ನೇಮಿಸಿದ ನ್ಯಾಯಮೂರ್ತಿ ಎ. ಎನ್. ಮುಲ್ಲಾ ಸಮಿತಿಯೂ 1983ರ ವರದಿಯಲ್ಲಿ ಬಿಡುಗಡೆಯ ನಂತರದ ಆರೈಕೆಗೆ ಮಹತ್ವವಿತ್ತಿತು. 2024ರ ಡಿಸೆಂಬರ್ 26ರಂದು ಅಂದಿನ ವಿಶ್ವಗುರು ಫ್ರಾನ್ಸಿಸರು ರೋಮಿನ ರೆಬಿಬ್ಬಿಯಾ ಸೆರೆಮನೆಯಲ್ಲಿ ಜುಬಿಲಿಯ ಪವಿತ್ರ ದ್ವಾರವನ್ನು ತೆರೆದರು.

ಇದೆಲ್ಲವೂ ನಮ್ಮ ಓಣಿಗೆ ಇಳಿಯದಿದ್ದರೆ ಇತಿಹಾಸವು ಬರಿಯ ಓದಾಗಿ ಉಳಿದೀತು. ಮರಳಿದವನಿಗೆ ಮೊದಲು ಬೇಕಾದುದು ಉಪದೇಶವಲ್ಲ. ಒಂದು ರಾತ್ರಿಯ ಆಸರೆ, ರೊಟ್ಟಿ, ರೇಷನ್ ಕಾರ್ಡು, ಕೈಗೆ ಕೆಲಸ, ಬಲಿಪೂಜೆಯಲ್ಲಿ ಪಕ್ಕದಲ್ಲಿ ಕುಳ್ಳಿರುವ ಒಬ್ಬ ನೆರೆಯವ. ಆದರೆ ಕರುಣೆಯು ನ್ಯಾಯವನ್ನು ಮರೆಯಲಾಗದು. ಅವನಿಂದ ನೊಂದ ಮನೆಯೂ ಅದೇ ಊರಿನಲ್ಲಿರುತ್ತದೆ. ನಾವು ಮೊದಲು ಆ ಮನೆಯ ಹೊಸ್ತಿಲನ್ನು ತುಳಿಯಬೇಕು. ಅವರ ದುಃಖವನ್ನು ಕೇಳಬೇಕು. ಕ್ಷಮೆಯನ್ನು ಅವರಿಂದ ಬಲವಂತವಾಗಿ ಕೇಳಲಾಗದು. ಪೌಲರು ನಷ್ಟವಿಲ್ಲವೆಂದು ಹೇಳಲಿಲ್ಲ. ಅದರ ಭಾರವನ್ನು ಹೊತ್ತರು.

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಪ್ರಿಯ ವಿಶ್ವಾಸಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಸೆರೆಯಲ್ಲಿದ್ದವರನ್ನು ಸಂದರ್ಶಿಸಿರೆಂದು ಪ್ರಭು ಯೇಸು ಕಲಿಸಿದ ಪಾಠ ಕಾರಾಗೃಹದ ಬಾಗಿಲಲ್ಲಿ ಮುಗಿಯುವುದಿಲ್ಲ. ಬಿಡುಗಡೆಯ ಮರುದಿನವೂ ಆತನೇ ನಮ್ಮ ಮನೆಯ ಕದವನ್ನು ತಟ್ಟುತ್ತಾನೆ. ಆ ಕದವನ್ನು ತೆರೆಯುವ ಧೈರ್ಯವನ್ನು ದೇವರು ನಮ್ಮೆಲ್ಲರಿಗೂ ಕರುಣಿಸಲಿ.